ಗರಗಸದ ಆಚೆಯ ತುದಿ

ಮೊಮ್ಮಗ ಪ್ರಶಾಂತ ಕಳೆದ ವಾರ ಒಂದು ಮಿಷನ್ ಗರಗಸ ತಂದಿದ್ದಾನೆ. ಪೆಟ್ರೋಲು ಬೇಡವಂತೆ, ಮೊಬೈಲಿನ ಹಾಗೆ ಚಾರ್ಜಿಗೆ ಹಾಕಿದರೆ ಸಾಕಂತೆ. ವಾರವಿಡೀ ಕುಮಟೆಯ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವನು, ಭಾನುವಾರ ಬೆಳಿಗ್ಗೆ ಕಣ್ಣಿಗೆ ದೊಡ್ಡ ಕನ್ನಡಕ, ಕೈಗೆ ದಪ್ಪ ಗವಸು ಏರಿಸಿಕೊಂಡು ಹಿತ್ತಲಿಗಿಳಿದ. ಗಾಳಿಗೆ ಬಿದ್ದಿದ್ದ ತೆಂಗಿನ ಮರವನ್ನು ಮಧ್ಯಾಹ್ನದೊಳಗೆ ಬಿಲ್ಲೆ ಬಿಲ್ಲೆ ಮಾಡಿ ಸಾಲಾಗಿ ಇಟ್ಟ. ತೆಂಗಿನ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ನಮ್ಮ ಮನೆಯಲ್ಲಿ ಈಗ ಒಲೆ ಇರುವುದೂ ಬಚ್ಚಲಿಗೆ ಮಾತ್ರ. ಅದನ್ನೆಲ್ಲ ನಾನು ಹೇಳಲಿಲ್ಲ. ಅವನ ಮುಖ ಬೆವರಿ ಹೊಳೆಯುತ್ತಿತ್ತು. ಕೂತು ಕೂತು ಬೆನ್ನು ಸತ್ತು ಹೋಗಿತ್ತು ಅಜ್ಜಿ, ಇದನ್ನು ಹಿಡಿದ ಮೇಲೆ ಮೈಗೆ ಜೀವ ಬಂತು ಎಂದ.

ನಾನು ಹಿತ್ತಲ ಬಾಗಿಲಲ್ಲಿ ಚಾ ಲೋಟ ಹಿಡಿದು ನಿಂತಿದ್ದೆ. ಅವನಿಗೆ ಒಂದು ಮಾತು ಹೇಳಬೇಕಿತ್ತು. ಅದು ಗಂಟಲವರೆಗೆ ಬಂದು ತಿರುಗಿ ಹೋಯಿತು. ನನ್ನ ಮಾತುಗಳ ಹಣೆಬರಹವೇ ಹಾಗೆ. ಶಾಲೆಯಲ್ಲೂ ಮಾಸ್ತರರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ನಿಂತುಬಿಡುತ್ತಿದ್ದೆ. ಈ ಹುಡುಗಿಗೆ ಏನೂ ತಿಳಿಯುವುದಿಲ್ಲ ಎಂದು ಅವರು ತೀರ್ಮಾನ ಮಾಡಿಕೊಂಡರು. ಪಾಪ, ಅವರ ತಪ್ಪೇನು? ನನ್ನ ತಲೆಯೊಳಗೆ ಇಣುಕಿ ನೋಡಲು ಅವರಿಗೆ ಸಾಧ್ಯವಿತ್ತೇ? ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಾಗ ಅವರಿಗೂ ನನಗೂ ಸಮಾಧಾನವೇ ಆಯಿತು. ಆದರೆ ಅಕ್ಷರ ಮಾತ್ರ ಕೈಯಲ್ಲಿ ಉಳಿಯಿತು. ಕಾಗದ ಒಳ್ಳೆಯದು, ಅದು ನಮ್ಮ ಮುಖ ನೋಡುವುದಿಲ್ಲ. ಬಾಗಿಲಲ್ಲಿ ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಶಾಂತ ಒಬ್ಬನೇ ಅಲ್ಲ, ನೀವೆಲ್ಲರೂ ಓದಿ.

ನನ್ನ ತವರು ಸಂತೆಗುಳಿಯಿಂದ ಇನ್ನಷ್ಟು ಒಳಗೆ, ಕಾಡಿನ ಅಂಚಿಗೆ. ಅಪ್ಪ ಮರ ಕೊಯ್ಯುವವರು. ಅಜ್ಜನೂ ಅದನ್ನೇ ಮಾಡಿದವರು. ನಮ್ಮ ಮನೆಯಲ್ಲಿ ಕೆಲಸ, ನೌಕರಿ ಎಂಬ ಮಾತೇ ಇರಲಿಲ್ಲ. "ಗರಗಸಕ್ಕೆ ಹೋಗ್ಯಾನೆ" ಎಂದರೆ ಆಯಿತು. ಮರ ಕೊಯ್ಯುವುದೆಂದರೆ ನಿಮಗೆ ಸಾಮಿಲ್ಲಿನ ಸದ್ದು ನೆನಪಾಗಬಹುದು. ಆಗ ಹಾಗಲ್ಲ. ದಿಮ್ಮಿಯನ್ನು ಆಳೆತ್ತರದ ಕವೆಗಂಬಗಳ ಮೇಲೆ ಏರಿಸಿ ಕಟ್ಟುತ್ತಿದ್ದರು. ಮಸಿ ಅದ್ದಿದ ದಾರವನ್ನು ಎಳೆದು ಬಿಟ್ಟು ಅದರ ಮೈಮೇಲೆ ಗೆರೆ ಬೀಳಿಸುತ್ತಿದ್ದರು. ಒಬ್ಬ ದಿಮ್ಮಿಯ ಮೇಲೆ ನಿಲ್ಲಬೇಕು, ಇನ್ನೊಬ್ಬ ಅದರ ಕೆಳಗೆ. ನಡುವೆ ಉದ್ದನೆಯ ಗರಗಸ. ಮೇಲಿನವನು ಎತ್ತಿದರೆ ಕೆಳಗಿನವನು ಎಳೆಯುತ್ತಾನೆ. ಮೇಲಿನವನಿಗೆ ಗೆರೆ ಕಾಣುತ್ತದೆ, ಬಿಸಿಲೂ ಅವನಿಗೇ. ಕೆಳಗಿನವನಿಗೆ ನೆರಳು ಸಿಗುತ್ತದೆ, ಆದರೆ ಹುಡಿಯೆಲ್ಲ ಅವನ ಕಣ್ಣು, ಮೂಗು, ಕಿವಿಗೆ.

ಗಂಜಿಯ ಪಾತ್ರೆ ಹೊತ್ತು ಹೋಗುವಾಗ ಇಂದು ಯಾವ ಮರ ಎಂದು ನಾನು ದೂರದಿಂದಲೇ ಹೇಳುತ್ತಿದ್ದೆ. ಹುಡಿಯ ವಾಸನೆ ನಾನು ತಲುಪುವ ಮುಂಚೆಯೇ ನನ್ನೆದುರು ಬಂದಿರುತ್ತಿತ್ತು. ಹಲಸು ಕೊಯ್ದ ದಿನ ಅಪ್ಪನ ಪಂಚೆ ತೊಳೆದ ನೀರು ಅರಿಸಿನದ ಬಣ್ಣಕ್ಕೆ ತಿರುಗುತ್ತಿತ್ತು. ಅವ್ವ ಬೈಯುತ್ತಿದ್ದಳು, ಮದುವೆ ಮನೆಗೆ ಹೋಗಿ ಬಂದವರ ಹಾಗೆ ಬತ್ತಾರೆ ಎಂದು. ರಾಶಿ ಬಿದ್ದ ಹುಡಿಯನ್ನು ನಾವು ಮಕ್ಕಳು ಬುಟ್ಟಿಯಲ್ಲಿ ಹೊತ್ತು ತಂದು ಕೊಟ್ಟಿಗೆಗೆ ಹರಡುತ್ತಿದ್ದೆವು. ಹಸುವಿನ ಕರು ಅದರ ಮೇಲೆ ಮಲಗಿದರೆ ಏಳುತ್ತಲೇ ಇರಲಿಲ್ಲ. ನಾನೂ ಒಂದೆರಡು ಸಲ ಅದರ ಪಕ್ಕದಲ್ಲಿ ನಿದ್ದೆ ಹೋಗಿ ಪೆಟ್ಟು ತಿಂದಿದ್ದೇನೆ.

ನನಗೆ ಒಬ್ಬನೇ ಅಣ್ಣ, ಜಟ್ಟಪ್ಪ. ಅವನನ್ನೂ ಶಾಲೆಗೆ ಹಾಕಿದ್ದರು. ಮೊದಲ ವಾರವೇ ಎದ್ದು ಬಂದ. ಮಾಸ್ತರರು ಮನೆಗೆ ಬಂದು ಯಾಕೆ ಎಂದು ಕೇಳಿದರೆ, ಅಕ್ಷರಕ್ಕೆ ನನ್ನದೇನೂ ತಕರಾರಿಲ್ಲ, ಕೂತರೆ ಕುಂಡೆ ನೋಯುತ್ತದೆ ಎಂದು ಅವರ ಮುಖಕ್ಕೇ ಹೇಳಿದ. ಅಪ್ಪ ನಕ್ಕರು, ಮಾಸ್ತರರೂ ನಕ್ಕರು. ಅಣ್ಣನ ಓದು ಆ ನಗೆಯಲ್ಲೇ ಮುಗಿಯಿತು. ಇಡೀ ದಿನ ಗರಗಸ ಎತ್ತಿ ಬಂದವನು ಸಂಜೆ ಕರ್ಕಿಯ ಬಯಲಾಟಕ್ಕೆ ನಡೆದು ಹೋಗುತ್ತಿದ್ದ. ಮಾರನೆಯ ದಿನ ದಿಮ್ಮಿಯ ಮೇಲೆ ನಿಂತು, ಗರಗಸದ ಲಯಕ್ಕೆ ಸರಿಯಾಗಿ ರಾಕ್ಷಸನ ಆರ್ಭಟ ಹೊಡೆಯುತ್ತಿದ್ದ. ಅಷ್ಟು ಗಟ್ಟಿ ಜೀವ.

ಇನ್ನು ನಿಮ್ಮ ಅಜ್ಜ. ಅವರ ಹೆಸರನ್ನು ನಾನು ಬಾಯಿಯಲ್ಲಿ ಹೇಳಿದವಳಲ್ಲ, ಈಗ ಬರೆಯಲೂ ಕೈ ಬಾರದು. ಇವರು ಎಂದೇ ಬರೆಯುತ್ತೇನೆ. ಇವರ ಊರು ಮಿರ್ಜಾನ. ಇವರು ಮುಲ್ಕಿ ಪಾಸಾದವರು. ಏಳನೆಯ ಇಯತ್ತೆಯ ಪರೀಕ್ಷೆಗೆ ಆಗ ಹಾಗೆನ್ನುತ್ತಿದ್ದರು. ಅದನ್ನು ಪಾಸಾದವನು ಮಾಸ್ತರನಾಗಬಹುದಿತ್ತು. ಇವರೂ ಆಗುತ್ತಿದ್ದರೇನೋ, ಅಷ್ಟರಲ್ಲಿ ಮಾವನವರು ತೀರಿಕೊಂಡರು. ಮನೆಯಲ್ಲಿ ತಮ್ಮಂದಿರು, ತಂಗಿಯಂದಿರು. ಗಂಜಿಗೆ ದಾರಿ ಬೇಕಿತ್ತು, ಗರಗಸಕ್ಕೆ ಬಂದರು. ಅಲ್ಲಿ ಅಣ್ಣ ಸಿಕ್ಕ.

ನಮ್ಮವರಲ್ಲಿ ಮರ ಕೊಯ್ಯುವುದೆಂದರೆ ಜೋಡಿ. ಒಬ್ಬನೇ ಎಷ್ಟು ಗಟ್ಟಿಗನಾದರೂ ಅವನಿಗೆ ಬೆಲೆಯಿಲ್ಲ, ಜೋಡಿಗೆ ಬೆಲೆ. ಮೊದಲ ದಿನ ಒಂದೇ ವೀಳ್ಯದೆಲೆಯನ್ನು ನಡುನಾರಿನಲ್ಲಿ ಸೀಳಿ ಇಬ್ಬರೂ ಅರ್ಧರ್ಧ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಆ ಇಬ್ಬರಲ್ಲಿ ಒಬ್ಬನನ್ನು ಇನ್ಯಾರೂ ನನ್ನ ಜೊತೆ ಬಾ ಎಂದು ಕರೆಯುವಂತಿರಲಿಲ್ಲ. ಅಣ್ಣ ಮತ್ತು ಇವರು ಹಾಗೆ ಎಲೆ ಸೀಳಿದ ಮರುವರ್ಷ ಅಣ್ಣ ಇವರನ್ನು ಮನೆಗೆ ಕರೆತಂದು, ತಂಗಿಗೆ ಗಂಡು ನೋಡಿಯಾಯ್ತು ಎಂದ. ಅಪ್ಪ ಜಾತಕ ಕೇಳಲಿಲ್ಲ. ಇವರ ಅಂಗೈ ತಿರುಗಿಸಿ ನೋಡಿ, ಕೊಡಬಹುದು ಎಂದರು. ನಾನು ಕದದ ಸಂದಿಯಲ್ಲಿ ಇದ್ದೆ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ನಾನು ಮಾತಾಡುತ್ತಿರಲಿಲ್ಲ. ಆದರೆ ಒಪ್ಪಿಗೆ ಇತ್ತು. ಹೀಗೆ ಇವರಿಗೆ ಗರಗಸದ ಸಂಬಂಧ ಮೊದಲು, ನನ್ನ ಸಂಬಂಧ ಆಮೇಲೆ. ಇದನ್ನು ಹೇಳಿ ಅಣ್ಣ ನನ್ನನ್ನು ಬಹಳ ವರ್ಷ ಕಾಡಿದ. "ನೀ ಎರಡನೇಯವಳು ತಂಗಿ, ಮೊದಲನೇಯವ ನಾನು" ಎನ್ನುತ್ತಿದ್ದ.

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರ ಕಾಲ ಅದು. ಭಟ್ಕಳದ ನವಾಯತ ಸಾಹುಕಾರರೊಬ್ಬರು ಸಂತೆಗುಳಿಯ ಮೇಲಿನ ಕಾಡಿನಲ್ಲಿ ಮರ ಕಡಿಸುವ ಗುತ್ತಿಗೆ ಹಿಡಿದಿದ್ದರು. ನಾಟಾ, ಅಂದರೆ ಕಡಿದ ದಿಮ್ಮಿ, ಎಲ್ಲ ಗಾಡಿಯ ಮೇಲೆ ಮಿರ್ಜಾನಿನ ಹೊಳೆದಂಡೆಗೆ ಬರುತ್ತಿತ್ತು. ಅಲ್ಲಿ ಅವರ ಡಿಪೋ. ಅಣ್ಣನೂ ಇವರೂ ಕೊಯ್ಯುವುದರ ಜೊತೆಗೆ ಮರ ಕಡಿಯುವುದಕ್ಕೂ ನಿಂತರು. ಅದಕ್ಕೆ ಬೇರೆ ಗರಗಸ. ನಿಂತ ಮರದ ಬುಡಕ್ಕೆ ಅಡ್ಡ ಹಿಡಿದು, ಆಚೆ ತುದಿಗೊಬ್ಬ ಈಚೆ ತುದಿಗೊಬ್ಬ ಮಂಡಿಯೂರಿ ಎಳೆಯುವಂಥದ್ದು.

ಮರ ಕಡಿಯುವಾಗ ಕೈಗಿಂತ ಕಣ್ಣಿಗೆ ಕೆಲಸ ಹೆಚ್ಚು ಎಂದು ಇವರು ಹೇಳುತ್ತಿದ್ದರು. ಮರ ಬೀಳುವ ದಿಕ್ಕು ಮೊದಲೇ ತೀರ್ಮಾನವಾಗಿರುತ್ತದೆ, ಅದರ ಹೆದರಿಕೆ ಇಲ್ಲ. ಹೆದರಿಕೆ ಇರುವುದು ಮೇಲೆ ಒಣಗಿ ನಿಂತ ಕೊಂಬೆಯದು, ಪಕ್ಕದ ಮರಕ್ಕೆ ಸುತ್ತಿಕೊಂಡ ಬಳ್ಳಿಯದು. ಬಳ್ಳಿ ಎಳೆದಾಗ ಯಾವುದು ಯಾವಾಗ ಮುರಿದು ಬರುತ್ತದೆ ಎಂದು ಹೇಳಲಾಗದು. ಅದಕ್ಕೇ ಜೋಡಿಯವರು ಆಕಾಶವನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಅಣ್ಣ ಯಾವಾಗಲೂ ಮೂಡುಬದಿಗೆ ಕೂರುತ್ತಿದ್ದ, ಮೂಡುಬದಿಯ ಮೇಲಿನ ಕೊಂಬೆಗಳೆಲ್ಲ ಅವನ ಕಣ್ಣಿಗೆ. ಪಡುಬದಿ ಇವರದು. ಇವರ ಪಾಲಿನ ಕಡೆ ಅಣ್ಣ ತಲೆಯೆತ್ತುತ್ತಿರಲಿಲ್ಲ, ಅವನ ಪಾಲಿನ ಕಡೆ ಇವರೂ ಎತ್ತುತ್ತಿರಲಿಲ್ಲ. ಎರಡೂ ಕಡೆ ನೋಡುವವನು ಯಾವ ಕಡೆಯನ್ನೂ ಸರಿಯಾಗಿ ನೋಡುವುದಿಲ್ಲ ಎಂಬುದು ಅವರ ಲೆಕ್ಕ. ಏನಾದರೂ ಅಲುಗಿದ್ದು ಕಂಡರೆ ಕೂಗುತ್ತಿರಲಿಲ್ಲ. ಗರಗಸವನ್ನು ಒಮ್ಮೆ ಜಗ್ಗಿ ಬಿಟ್ಟರೆ ಸಾಕು. ಆ ಜಗ್ಗು ಅಲಗಿನಲ್ಲಿ ಹರಿದು ಆಚೆಯವನ ಕೈಗೆ ತಲುಪುವಷ್ಟರಲ್ಲಿ ಇಬ್ಬರೂ ಹಿಡಿ ಬಿಟ್ಟು ಓಡಿರುತ್ತಿದ್ದರು.

ಆದರೆ ಇವರ ಕಣ್ಣು ಕೆಟ್ಟಿತು. ವರ್ಷಗಟ್ಟಲೆ ದಿಮ್ಮಿಯ ಕೆಳಗೆ ನಿಂತು ಹುಡಿ ಬಿದ್ದು ಬಿದ್ದು ಎರಡೂ ಕಣ್ಣು ಕೆಂಡದಂತಾದವು. ನಾನು ನಂದಿಬಟ್ಟಲ ಹೂವಿನ ರಸ ಹಿಂಡಿದೆ, ಎದೆಹಾಲು ಹಿಂಡಿದೆ. ಕುಮಟೆಯ ಡಾಕ್ಟರರು ರೆಪ್ಪೆ ಬಿಡಿಸಿ ನೋಡಿ, ಇನ್ನು ಗರಗಸದ ಕೆಳಗೆ ನಿಂತರೆ ನಾನು ಜವಾಬ್ದಾರನಲ್ಲ ಎಂದರು. ಅದೇ ತಿಂಗಳು ಡಿಪೋದ ಗುಮಾಸ್ತ ಬೇರೆ ಕೆಲಸ ಸಿಕ್ಕಿ ಮುಂಬೈಗೆ ಹೋದ. ಸಾಹುಕಾರರಿಗೆ ಬರೆಯಬಲ್ಲವನೊಬ್ಬ ಬೇಕಿತ್ತು. ಅವರೆದುರು ಹೋಗಿ ನಿಂತು ನನ್ನ ಭಾವ ಮುಲ್ಕಿ ಪಾಸು ಎಂದು ಹೇಳಿದವನು ಬೇರೆ ಯಾರೂ ಅಲ್ಲ, ಅಣ್ಣನೇ.

ಮನೆಗೆ ಬಂದು ಅವನು ಅದನ್ನು ತಿಳಿಸಿದ. ಇವರು, "ನೀ ಯಾರ ಸಂಗ್ತಿ ಕೊಯ್ತೆ?" ಎಂದು ಕೇಳಿದರು.

"ನನ್ನ ವಿಷಯ ಬಿಡು ಭಾವ. ಕಣ್ಣಿಲ್ದವನ ಸಂಗ್ತಿ ಕೊಯ್ಯೂದಕ್ಕಿಂತ ಅಡ್ಡಿಲ್ಲ."

ಅಣ್ಣ ನಗುತ್ತಲೇ ಹೇಳಿದ. ಇವರು ನಗಲಿಲ್ಲ. ನನಗಂತೂ ಒಳಗೊಳಗೆ ಸಂತೋಷ. ನೆರಳಿನಲ್ಲಿ ಕೂತು, ಅಂಗಿ ಹಾಕಿಕೊಂಡು ಮಾಡುವ ಕೆಲಸ. ಮರ ಕೊಯ್ಯುವವರ ಮನೆಯಲ್ಲಿ ಹುಟ್ಟಿದ ಹೆಂಗಸಿಗೆ ಅದಕ್ಕಿಂತ ದೊಡ್ಡ ಐಶ್ವರ್ಯ ಏನಿದೆ?

ಆ ಐಶ್ವರ್ಯ ಇವರ ಮೈಗೆ ಒಗ್ಗಲಿಲ್ಲ. ಮೊದಲ ವಾರ ಸಂಜೆ ಮನೆಗೆ ಬಂದವರು ಜಗಲಿಯ ಮೇಲೆ ಕೂರದೆ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಕಾಲು ಜೋಮು ಹಿಡಿದಿದೆ ಎನ್ನುತ್ತಿದ್ದರು. ಟಾಕು ಹಿಡಿದು ಬರೆಯುವಾಗ ಗರಗಸದ ಹಾಗೆ ಒತ್ತಿ ಒತ್ತಿ ಅದರ ನಿಬ್ಬು ಮುರಿಯುತ್ತಿದ್ದರು. ಮುಂಚೆ ಬಟ್ಟಲು ತುಂಬ ಗಂಜಿ ಉಂಡು ಇನ್ನೂ ಇದೆಯಾ ಎಂದು ಕೇಳುತ್ತಿದ್ದ ಮನುಷ್ಯ ಈಗ ಅನ್ನದ ಸುತ್ತ ಬೆರಳಾಡಿಸಿ ಏಳುತ್ತಿದ್ದರು. ಹಸಿವೆಯೇ ಆಗುವುದಿಲ್ಲ, ಮೈಗೆ ಏನೂ ಮಾಡಿದ ಹಾಗೇ ಇಲ್ಲ, ಆದರೂ ದಣಿವು ಎನ್ನುತ್ತಿದ್ದರು. ಕೆಲವು ತಿಂಗಳಲ್ಲಿ ಅಂಗೈಯ ಜಡ್ಡು ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಅದರ ಕೆಳಗೆ ಕೂಸಿನ ಕೈಯಂಥ ಚರ್ಮ. ಜಗಲಿಯಲ್ಲಿ ಒಬ್ಬರೇ ಕೂತು ಅದನ್ನು ನೋಡಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಶನಿವಾರ ಬರೆಸುವ ದಿನ. ಕಾಡಿನವರೆಲ್ಲ ಇಳಿದು ಬಂದು ಇವರ ಮೇಜಿನ ಮುಂದೆ ನಿಂತು, ಇಂಥ ಮರ, ಇಷ್ಟು ತುಂಡು ಎಂದು ಬರೆಸಬೇಕು. ಇವರು ಬರೆದು ಚೀಟಿ ಹರಿದು ಕೊಟ್ಟರೆ ಮಾತ್ರ ಮೇಸ್ತ್ರಿ ಕೂಲಿ ಕೊಡುತ್ತಿದ್ದ. ಬರೆಸಿ ಮುಗಿದ ಮೇಲೆ ಅಣ್ಣ ನಮ್ಮಲ್ಲಿಗೆ ಉಣ್ಣಲು ಬರುತ್ತಿದ್ದ. ಜಗಲಿಯಲ್ಲಿ ಇಬ್ಬರದೂ ವಾದ ಶುರು.

"ದಿನಾ ಬೆಳಗಾದ್ರೆ ಅಂಗಿ ತೊಟ್ಕಂಡು ಹೋತೆ. ಹೋಗಿ ಎಂತ ಕೊಯ್ದೆ, ಹೇಳು ಕಾಂಬ."

"ನೀ ಕೊಯ್ದದ್ದನ್ನ ನಾ ಬರೀದಿದ್ರೆ ನೀನೂ ಎಂತ ಕೊಯ್ದ ಹಾಗೆ ಆಗೂದಿಲ್ಲ."

"ಅದೂ ಹೌದು. ಕೂತವ ಬರೆದ್ರೆ ನಿಂತವಂಗೆ ಗಂಜಿ."

ಹೀಗೆ ನಕ್ಕರೂ ಅಣ್ಣ ಒಳಗೊಳಗೆ ಸೊರಗುತ್ತಿದ್ದ. ಅತ್ತಿಗೆ ಮಾದೇವಿ ನನಗೆ ಹೇಳುತ್ತಿದ್ದಳು. ಇವರು ಬಿಟ್ಟ ಮೇಲೆ ಅವನು ಒಬ್ಬಿಬ್ಬರ ಜೊತೆ ಗರಗಸ ಹಿಡಿದು ನೋಡಿದನಂತೆ. ಒಬ್ಬ ಎಳೆಯುವಾಗ ಒತ್ತುತ್ತಾನೆ, ಇನ್ನೊಬ್ಬ ಮಾತು ಬಿಡುವುದಿಲ್ಲ, ಯಾರೂ ಸರಿಯಿಲ್ಲ. ಎಲೆ ಸೀಳುವ ಮಾತನ್ನಂತೂ ಎತ್ತಲೇ ಇಲ್ಲ. ಹಳೆಯ ಗರಗಸಕ್ಕೆ ಎಣ್ಣೆ ಸವರಿ ಅಟ್ಟದ ಮೇಲಿಟ್ಟು, ನಾಟಾ ಎಳೆಯುವವರ ಜೊತೆ ಸಾದಾ ಕೂಲಿಗೆ ಹೋಗತೊಡಗಿದ. ಅಂಥ ಕೆಲಸಗಾರ ಹಗ್ಗ ಎಳೆಯುವುದನ್ನು ನೋಡಲಾಗುವುದಿಲ್ಲ ಎಂದು ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮಿಷನ್ನು ಬಂತು. ಸಾಹುಕಾರರು ಮುಂಬೈಯಿಂದ ತರಿಸಿದ್ದು. ಹಂದಿಯ ಮೂತಿಯ ಹಾಗೆ ಮುಂದಕ್ಕೆ ಚಾಚಿದ ಅಲಗು, ಅದರ ಸುತ್ತ ಹಲ್ಲಿನ ಸರಪಳಿ. ಪೆಟ್ರೋಲು ಹೊಯ್ದು ಹಗ್ಗ ಎಳೆದರೆ ಕಾಡೆಲ್ಲ ನಡುಗುವ ಹಾಗೆ ಕೂಗುತ್ತಿತ್ತು. ಉಳಿದವರು ಹತ್ತಿರ ಹೋಗಲು ಹೆದರಿದರು. ಅಣ್ಣ ಹೆದರಲಿಲ್ಲ. ಒಂದೇ ದಿನದಲ್ಲಿ ಕಲಿತ. ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಎತ್ತಿನ ಮೈ ಒರೆಸದವನು ಅದರ ಮೈಯನ್ನು ತನ್ನ ತಲೆವಸ್ತ್ರದಿಂದ ಒರೆಸುತ್ತಿದ್ದ. ಮನೆಗೂ ಹೊತ್ತು ತರುತ್ತಿದ್ದ. ಕೇರಿಯಲ್ಲಿ ಯಾರ ಮನೆಯಲ್ಲಿ ಕೊಯ್ಯುವಂಥದ್ದು ಏನಿದ್ದರೂ ಕರೆಯದೆಯೇ ಹೋಗಿ ಕೊಯ್ದು ಬರುತ್ತಿದ್ದ. ನಮ್ಮ ಜಗಲಿಯಲ್ಲಿ ಒಂದು ಬೆಂಚು ಇತ್ತು, ಸ್ವಲ್ಪ ವಾಲುತ್ತಿತ್ತು. ಸರಿ ಮಾಡುತ್ತೇನೆಂದು ಒಂದು ಕಾಲು ಕೊಯ್ದ. ಆ ಕಡೆ ವಾಲಿತು. ಇನ್ನೊಂದು ಕೊಯ್ದ. ಈ ಕಡೆ ವಾಲಿತು. ಕೊನೆಗೆ ಅದು ಬೆಂಚಾಗಿ ಉಳಿಯದೆ ಉದ್ದನೆಯ ಮಣೆಯಾಯಿತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿಮ್ಮ ಅಪ್ಪ ಆ ಮಣೆಯ ಮೇಲೆ ಕೂತೇ ಅಕ್ಷರ ಕಲಿತದ್ದು.

ಆ ದಿನ ಅಣ್ಣ ಮಿಷನ್ನನ್ನು ಇವರ ಮುಂದೆ ಇಟ್ಟು ತೋರಿಸಿದ.

"ನೋಡು ಭಾವ, ಇದಕ್ಕೆ ಆಚೆ ತುದಿಯೇ ಇಲ್ಲ. ಯಾರನ್ನೂ ಕಾಯೂದು ಬೇಡ, ಯಾರಿಗೂ ಹೇಳೂದು ಬೇಡ."

ಇವರು ಬಗ್ಗಿ ಆ ಅಲಗಿನ ತುದಿಯನ್ನು ಬೆರಳಿನಿಂದ ಮುಟ್ಟಿ, "ಹೌದು, ಇಲ್ಲ" ಎಂದರು. ಅಷ್ಟೇ ಹೇಳಿದ್ದು.

ನನ್ನ ಅಣ್ಣ ಮತ್ತೆ ಮೊದಲಿನಂತಾದ ಎಂದು ನಾವು ತಿಳಿದೆವು. ಅವನಿಗೆ ಹಸಿವೆ ತಿರುಗಿ ಬಂತು, ರಾಕ್ಷಸನ ಆರ್ಭಟ ತಿರುಗಿ ಬಂತು. ಸುತ್ತಲ ಊರಿನವರು ಅವನ ಕೆಲಸ ನೋಡಲೆಂದೇ ಕಾಡಿಗೆ ಹೋಗುತ್ತಿದ್ದರು. ಅವರಲ್ಲಿ ಎಷ್ಟೋ ಜನಕ್ಕೆ ಮರ ಬೀಳುವುದು ಹೊಸತಲ್ಲ, ಒಬ್ಬನೇ ಬೀಳಿಸುವುದು ಹೊಸತು. ಒಂದು ಮಳೆಗಾಲ ಕಳೆದು ಇನ್ನೊಂದು ಬಂತು.

ಗದ್ದೆ ಕೊಯ್ಲು ಮುಗಿದ ಸಮಯ. ಒಂದು ಬೆಳಿಗ್ಗೆ ಅವನು ದೊಡ್ಡ ಮತ್ತಿ ಮರವೊಂದಕ್ಕೆ ಮಿಷನ್ನು ಹಚ್ಚಿದ್ದ. ಜೊತೆಗೆ ಯಾರೂ ಇರಲಿಲ್ಲ, ಬೇಕೂ ಇರಲಿಲ್ಲ. ಉಳಿದವರು ಕೆಳಗೆ ಗಾಡಿಗೆ ನಾಟಾ ಏರಿಸುತ್ತಿದ್ದರು. ಮಿಷನ್ನಿನ ಸದ್ದು ಎಡೆಬಿಡದೆ ಬರುತ್ತಿತ್ತು, ಆದರೆ ಮರ ಬೀಳುವ ಸದ್ದು ಬರಲೇ ಇಲ್ಲ. ಸದ್ದು ಒಂದೇ ಸಮ ಇದೆಯಲ್ಲ, ಏರಿಳಿಯುವುದಿಲ್ಲವಲ್ಲ ಎಂದು ಯಾರಿಗೋ ಅನುಮಾನ ಬಂದು ಮೇಲೆ ಹತ್ತಿ ಹೋದರು. ಮಿಷನ್ನು ನೆಲದ ಮೇಲೆ ಮಲಗಿ ಕೂಗುತ್ತಿತ್ತು. ಅಣ್ಣ ಮರದ ಮೂಡುಬದಿಯಲ್ಲಿ, ತಾನು ಯಾವಾಗಲೂ ಕೂರುವ ಜಾಗದಲ್ಲಿ, ಕೊಂಬೆಯ ಕೆಳಗೆ ಇದ್ದ. ಬಳ್ಳಿ ಜಗ್ಗಿ ಮುರಿದ ಒಣಕೊಂಬೆ.

ನಾಟಾದ ಗಾಡಿಯ ಮೇಲೆಯೇ ಅವನನ್ನು ತಂದರು. ಕಾಡಿನ ಗಾಡಿದಾರಿ ಬರುವುದು ಡಿಪೋಗೆ, ಮೊದಲು ಅಲ್ಲಿಗೇ ತಂದರು. ಇವರು ಮೇಜಿನಲ್ಲಿ ಕೂತಿದ್ದರು. ಬಂದವರು ಬಾಗಿಲಲ್ಲಿ ನಿಂತರು. ಅವರ ಮುಖ ನೋಡಿ ಇವರಿಗೆ ತಿಳಿಯಿತು. ಎದ್ದು ಬಂದು ಗಾಡಿಯ ಬಳಿ ನಿಂತರಂತೆ. ಅಳಲಿಲ್ಲವಂತೆ. ಒಂದೇ ಒಂದು ಮಾತು ಕೇಳಿದರಂತೆ.

"ಯಾವ ಬದಿಯಿಂದ ಬಂತು?"

ಗಾಡಿ ಹೊಡೆದು ತಂದವನು ಹೇಳಿದ, ಪಡುಬದಿಯಿಂದ ಎಂದು.

ಅಷ್ಟು ವರ್ಷದ ಅಭ್ಯಾಸ ನೋಡಿ. ಜೋಡಿ ಬಿಟ್ಟು ಕಾಲವಾಗಿತ್ತು, ಗರಗಸ ಬದಲಾಗಿತ್ತು, ಆದರೆ ಅಣ್ಣನ ಕಣ್ಣು ಮಾತ್ರ ಇನ್ನೂ ತನ್ನ ಪಾಲಿನ ಆಕಾಶವನ್ನೇ ಕಾಯುತ್ತಿತ್ತು. ಇನ್ನೊಂದು ಪಾಲು ಭಾವನದು. ಅದನ್ನು ಭಾವ ನೋಡುತ್ತಾನೆ. ಮಿಷನ್ನು ಹಿಡಿದು ಮಂಡಿಯೂರಿದ ಪ್ರತಿ ಸಲವೂ ಅವನ ಮೈ ಹಾಗೇ ತಿಳಿದಿರಬೇಕು. ಅವನಿಗೆ ಮರದ ಕೆಲಸ ತಿಳಿಯದೆ ಹೀಗಾಯಿತು ಎಂದು ಕೆಲವರು ಆಡಿಕೊಂಡರು. ಅವನು ಕಲಿತದ್ದನ್ನು ಮರೆಯಲಿಲ್ಲ, ಅದಕ್ಕೇ ಸತ್ತ ಎಂದು ಹೇಳಬೇಕೆಂದು ನನಗೆ ಅನ್ನಿಸುತ್ತಿತ್ತು. ಬಂದವರ ನಡುವೆ ಎದ್ದು ಮಾತಾಡುವ ಧೈರ್ಯ ನನಗೆಲ್ಲಿಂದ ಬರಬೇಕು? ಅತ್ತಿಗೆಯ ಪಕ್ಕ ಗೋಡೆಗೊರಗಿ ಕೂತಿದ್ದೆ.

ಇವರು ಸೂತಕದ ದಿನಗಳು ಮುಗಿಯುವವರೆಗೂ ತವರಿನಲ್ಲೇ ಇದ್ದರು. ಹೊಲದ ಕೆಲಸ, ದನದ ಕೆಲಸ ಎಲ್ಲ ಮಾಡಿದರು. ಕೊನೆಯ ಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲೆ ಅತ್ತಿಗೆಯನ್ನು ಕರೆದರು. ನಾನು ಪಾತ್ರೆ ಬೆಳಗುತ್ತ ಅಲ್ಲೇ ಇದ್ದೆ. ಇನ್ನು ಕುರ್ಚಿಗೆ ಹೋಗುವುದಿಲ್ಲ, ಕಣ್ಣು ಹೋದರೆ ಹೋಗಲಿ, ಕಾಡಿಗೆ ಹೋಗುತ್ತೇನೆ ಎಂದರು. ಬೇಡ ಎನ್ನಬೇಕು, ಮಾತು ಬರಲಿಲ್ಲ. ನಿಮ್ಮ ಅಪ್ಪ ಆಗ ಇನ್ನೂ ಸಣ್ಣವನು. ಇವರ ಕಣ್ಣನ್ನು ನೋಡಿದರೆ ತಡೆಯುವವರು ಯಾರೂ ಇಲ್ಲ ಎನ್ನುವ ಹಾಗಿತ್ತು.

ಅತ್ತಿಗೆ ನನ್ನ ಹಾಗಲ್ಲ, ಎದುರು ನಿಂತು ಮಾತಾಡುವವಳು. ಆದರೆ ಅಂದು ಮೆಲ್ಲಗೇ ಹೇಳಿದಳು. ಇವರನ್ನು ಅವಳು ಅಣ್ಣಾ ಎಂದೇ ಕರೆಯುತ್ತಿದ್ದಳು.

"ಅಣ್ಣಾ, ನೀವು ಕಾಡಿಗೆ ಹೋದ್ರೆ ಅವರು ತಿರುಗಿ ಬತ್ರಾ?"

ಅವಳೇ ಮುಂದುವರಿಸಿದಳು.

"ಅವರು ನಿಮ್ಮನ್ನ ಕುರ್ಚಿಗೆ ಕೂರ್ಸಿದ್ದು ನಿಮ್ಮ ಕಣ್ಣು ಉಳೀಲಿ ಅಂತ. ಆ ಕಣ್ಣನ್ನ ಈಗ ಕಾಡಿಗೆ ಕೊಟ್ರೆ ನಂಗೆಂತ ಬಂತು? ನಾಳೆ ಇನ್ನೊಬ್ಬ ಆ ಮಿಷನ್ನು ಹೊತ್ಕಂಡು ಹೋತ. ಅವನ ಮನೇಲೂ ಒಬ್ಬಳು ಇರ್ತಾಳೆ. ಕುರ್ಚಿಲಿ ಕೂತು ಎಂತಾದ್ರೂ ಮಾಡೂಕೆ ಬತ್ತದ್ಯಾ ನೋಡಿ. ಬರದಿದ್ರೆ ಆಮೇಲೆ ಕಾಡಿಗೆ ಹೋಗಿ, ನಾ ಬೇಡ ಅಂಬೂದಿಲ್ಲ."

ಇವರು ಸೋಮವಾರ ಡಿಪೋಗೆ ಹೋದರು. ಮಿಷನ್ನಿಗೆ ಹೊಸಬನೊಬ್ಬ ಬಂದಿದ್ದ. ಶನಿವಾರ ಅವನು ಬರೆಸಲು ಬಂದಾಗ ಇವರು ಟಾಕು ಎತ್ತಲಿಲ್ಲ. ಮೇಲೆ ನೋಡಿದವನು ಯಾರು ಎಂದು ಕೇಳಿದರು. ಅವನಿಗೆ ಅರ್ಥವಾಗಲಿಲ್ಲ. ನೀನು ಕೊಯ್ಯುವಾಗ ತಲೆಯೆತ್ತಿ ನಿಂತು ಕೊಂಬೆ ನೋಡುತ್ತಿದ್ದವನು ಯಾರು, ಅವನನ್ನು ಕರೆದುಕೊಂಡು ಬಾ, ಇಬ್ಬರ ಹೆಸರೂ ಬರೆಯುತ್ತೇನೆ ಎಂದರು. ಅಂಥವನು ಯಾರೂ ಇಲ್ಲ ಎಂದ. ಹಾಗಾದರೆ ಆ ಮರ ಬಿದ್ದೇ ಇಲ್ಲ ಎಂದು ಇವರು ಪುಸ್ತಕ ಮುಚ್ಚಿದರು.

ಡಿಪೋದಲ್ಲಿ ಗಲಾಟೆ ಆಯಿತು. ಗುಮಾಸ್ತನಿಗೆ ತಲೆ ಕೆಟ್ಟಿದೆ ಎಂದು ಮೇಸ್ತ್ರಿ ಭಟ್ಕಳಕ್ಕೆ ಹೇಳಿ ಕಳಿಸಿದ. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಸಾಹುಕಾರರು ಹೊನ್ನಾವರದಲ್ಲಿ ಹೊಳೆ ದಾಟಿ ಮಿರ್ಜಾನಕ್ಕೆ ಬಂದರು. ಬಂದ ಕೂಡಲೇ ಇವರನ್ನು ಕೆಲಸದಿಂದ ಬಿಡಿಸುತ್ತಾರೆಂದು ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಆ ಕುರ್ಚಿ ಹೋದರೆ ಇವರು ಕಾಡಿಗೆ ಹೋಗುತ್ತಾರೆ, ಅತ್ತಿಗೆಯೂ ತಡೆಯುವಂತಿಲ್ಲ.

ಆಮೇಲೆ ಇವರೇ ನನಗೆ ಹೇಳಿದ್ದು. ಸಾಹುಕಾರರು ಮೇಜಿನ ಎದುರು ಕೂತು, ಬರೀ ನೋಡುವುದಕ್ಕೆ ಒಬ್ಬನಿಗೆ ಕೂಲಿ ಕೊಡಬೇಕಾ ಎಂದು ಕೇಳಿದರಂತೆ. ಇವರು ಎದ್ದು ನಿಂತಿದ್ದರು.

"ಸಾಹೇಬ್ರೆ, ಮುಂಚೆ ಗರಗಸಕ್ಕೆ ಇಬ್ಬರು ಇರೂದು ಎಳೆಯೂಕೆ ಅಂತ ನೀವೆಲ್ಲ ತಿಳ್ದಿದ್ರಿ. ಅರ್ಧ ನೋಡೂಕೆ. ಮಿಷನ್ನು ಎಳೆಯೂದನ್ನ ಮಾಡ್ತದೆ, ನೋಡೂದನ್ನ ಮಾಡೂದಿಲ್ಲ. ನಂಗೆ ಆ ಪುಸ್ತಕದಲ್ಲಿ ಒಬ್ಬನದೇ ಹೆಸರು ಬರೆಯೂಕೆ ಕೈ ಬತ್ತಿಲ್ಲ."

ಸಾಹುಕಾರರು ಕಿಟಕಿಯಾಚೆ ಹೊಳೆ ನೋಡುತ್ತ ಕೂತರಂತೆ. ಅಣ್ಣನ ಸಾವಿಗೆ ಅವರು ಬಂದು, ಅಂಗಳದ ಅಂಚಿನಲ್ಲಿ ಟೊಪ್ಪಿ ಸರಿಮಾಡಿಕೊಳ್ಳುತ್ತ ಬಹಳ ಹೊತ್ತು ನಿಂತಿದ್ದರು. ಅವರಿಗೂ ಮಕ್ಕಳಿದ್ದರು. ಕೊನೆಗೆ ಎದ್ದು, "ಬರಿ, ಇಬ್ಬರದೂ ಬರಿ" ಎಂದು ಹೊರಟರಂತೆ.

ನೋಡುವ ಕೆಲಸಕ್ಕೆ ಮುದುಕರು ಬಂದರು. ಗರಗಸ ಎಳೆದು ಸೊಂಟ ಹೋದವರು, ಮನೆಯಲ್ಲಿ ಸುಮ್ಮನೆ ಕೂತಿದ್ದವರು. ಅವರಿಗೆ ತಲೆಯೆತ್ತುವ ಅಭ್ಯಾಸ ಇತ್ತು. ಒಂದು ಹಗ್ಗದ ತುದಿಯನ್ನು ಮಿಷನ್ನಿನವನ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ತಾವು ಹಿಡಿದು ದೂರ ನಿಲ್ಲುತ್ತಿದ್ದರಂತೆ. ಸದ್ದಿನಲ್ಲಿ ಕೂಗು ಕೇಳುವುದಿಲ್ಲ, ಹಗ್ಗ ಜಗ್ಗಿದರೆ ಗೊತ್ತಾಗುತ್ತದೆ. ಆ ಉಪಾಯ ಇವರದೋ ಮುದುಕರದೋ ನನಗೆ ತಿಳಿಯದು. ಇವರು ಡಿಪೋದಲ್ಲಿ ಇರುವವರೆಗೂ ಅಲ್ಲಿ ಮರ ಕಡಿದವರು ಮರದ ಕೆಳಗೆ ಸಾಯಲಿಲ್ಲ. ಆದರೆ ಇವರ ಹಸಿವೆ ತಿರುಗಿ ಬರಲಿಲ್ಲ. ಕುರ್ಚಿಯ ಮೇಲೆ ಇವರನ್ನು ಒಮ್ಮೆಯೂ ಒರಗಿ ಕೂತು ಕಂಡವರಿಲ್ಲ. ಜನ ಇವರನ್ನು ಅದೃಷ್ಟವಂತ ಎನ್ನುತ್ತಿದ್ದರು, ಮೈ ನೋಯದೆ ಸಂಬಳ ಎಣಿಸುವವರು ಎಂದು. ಇವರು ಒಪ್ಪಿಕೊಂಡ ಹಾಗೆ ತಲೆಯಾಡಿಸುತ್ತಿದ್ದರು.

ಅತ್ತಿಗೆ ಒಂದು ಶನಿವಾರ ಮಿರ್ಜಾನಕ್ಕೆ ಬಂದಳು. ನನ್ನನ್ನು ಡಿಪೋಗೆ ಕರೆದುಕೊಂಡು ಹೋಗು ಎಂದಳು. ಗಂಡಸರು ತುಂಬಿದ ಜಾಗಕ್ಕೆ ನಾನು ಎಂದೂ ಹೋದವಳಲ್ಲ. ಅವಳ ಕೈ ಹಿಡಿದುಕೊಂಡು ಬೇಲಿಯವರೆಗೆ ಹೋದೆ. ಅಲ್ಲಿಂದ ಮೇಜು ಕಾಣುತ್ತಿತ್ತು. ಮಿಷನ್ನಿನವನು ಬಂದು ನಿಂತಿದ್ದ, ಅವನ ಹಿಂದೆ ಕಂಬಳಿ ಹೊದ್ದ ಮುದುಕನೊಬ್ಬ. ಇವರು ತಲೆಯೆತ್ತದೆ ಕೇಳಿದರು.

"ನೋಡ್ದವ ಯಾರು?"

"ನಾನು ಒಡೆಯಾ" ಎಂದ ಮುದುಕ.

ಇವರು ಅವನ ಹೆಸರನ್ನು ಮೊದಲು ಬರೆದರು, ಕೊಯ್ದವನದು ಆಮೇಲೆ. ಅತ್ತಿಗೆ ಬೇಲಿಯ ಗಳ ಹಿಡಿದು ನಿಂತು, ಇವರ ಕೈ ಬರೆದು ಮುಗಿಸುವವರೆಗೂ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು ತಿರುಗಿದಳು.

"ಆತು ನಡಿ" ಎಂದಳು. "ಅಕ್ಕಿ ನೆನೆಹಾಕಿ ಬಂದಿದ್ದೆ."